ಗಣಕದ ಸನ್ನೆ, ರಿಲೇಯ ಕೆಲಸ: ಸುರಕ್ಷಿತವಾಗಿ ಜೋಡಿಸುವ ಬಗೆ

(ಸುಂಕದಕಟ್ಟೆಯಲ್ಲಿ ಸಂಘದ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ಇಂದಿನ ವಿಷಯದ ಹೆಸರು ಕೇಳಿದಾಗ, ಇದು ಇಂಜಿನಿಯರಿಂಗ್ ಓದುವ ನಾಲ್ಕು ಜನರಿಗೆ ಮಾತ್ರ ಸಂಬಂಧಿಸಿದ್ದು ಎಂದು ಕೆಲವರಿಗೆ ಅನಿಸಿರಬಹುದು. ಹಾಗಲ್ಲ. ನಾವು ಕುಳಿತಿರುವ ಈ ಸುಂಕದಕಟ್ಟೆಯ ಒಂದು ಕಡೆ ಕಾಮಾಕ್ಷಿಪಾಳ್ಯ, ಇನ್ನೊಂದು ಕಡೆ ಪೀಣ್ಯ. ಲೇತ್, ಪ್ರೆಸ್, ಪ್ಲೇಟಿಂಗ್, ಪೌಡರ್ ಕೋಟಿಂಗ್ ಹೀಗೆ ನೂರಾರು ಸಣ್ಣ ಕಾರ್ಖಾನೆಗಳ ನಡುವೆ ನಮ್ಮ ಮನೆಗಳಿವೆ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಮೊದಲ ಕೆಲಸ ಹುಡುಕುವುದು ಇಂಥ ಕಡೆಯೇ. ಈಗ ಹಳೆಯ ಯಂತ್ರಗಳಿಗೆ ಕಂಪ್ಯೂಟರ್ ಜೋಡಿಸುವ ಕೆಲಸ ಸಣ್ಣ ಶೆಡ್ಡುಗಳಿಗೂ ಬಂದಿದೆ. ಕಂಪ್ಯೂಟರ್ ಕೊಡುವ ಸಣ್ಣ ಸನ್ನೆಯಿಂದ ದೊಡ್ಡ ಯಂತ್ರ ಓಡಬೇಕು, ನಿಲ್ಲಬೇಕು. ನಡುವಿನ ಜೋಡಣೆ ಸರಿಯಿದ್ದರೆ ಅನ್ನ; ತಪ್ಪಿದರೆ ಸುಟ್ಟ ಕಂಪ್ಯೂಟರ್, ಅದಕ್ಕಿಂತ ಕೆಟ್ಟದೆಂದರೆ ಯಂತ್ರದೊಳಗೆ ಸಿಕ್ಕಿದ ಒಂದು ಕೈ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ, ಲೆಕ್ಕ ಸಮೇತ ನೋಡೋಣ.

ನಮ್ಮ ಪಕ್ಕದ ಪೀಣ್ಯದ ಶೆಡ್ಡುಗಳಲ್ಲೇ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಯಿತು ಎಂಬುದು ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿದಿರಲಾರದು. ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಅದನ್ನು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ನೆಲದಿಂದ ಹಾರಿಸಲಾಯಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಎಷ್ಟೇ ಬುದ್ಧಿವಂತಿಕೆಯ ಸಾಧನವಾಗಲಿ, ಅದಕ್ಕೆ ಕರೆಂಟು ಬರುವ ಮತ್ತು ಹೋಗುವ ದಾರಿ ಭದ್ರವಾಗಿರಬೇಕು ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ರಿಲೇ ಎಂದರೇನು?

ಹಿಂದೆ ಮೈಸೂರು ಸಂಸ್ಥಾನದಲ್ಲಿ ಅಂಚೆ ವ್ಯವಸ್ಥೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ಆರಂಭವಾದ ಅದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. ಒಬ್ಬ ಓಟಗಾರ ಚೀಲ ಹೊತ್ತು ಓಡುತ್ತಾನೆ. ಅವನ ಶಕ್ತಿ ಮುಗಿಯುವ ಕಡೆ ಇನ್ನೊಬ್ಬ ಕಾದಿರುತ್ತಾನೆ. ಸುದ್ದಿ ಅದೇ, ಓಡುವ ಕಾಲು ಮಾತ್ರ ಬೇರೆ. ರಿಲೇ ಮಾಡುವುದು ಇದನ್ನೇ. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರ ಸುಮಾರಿಗೆ, ದೂರದ ತಂತಿಯಲ್ಲಿ ಬಂದು ಬಳಲಿದ ವಿದ್ಯುತ್ತಿನಿಂದ ಸಣ್ಣ ವಿದ್ಯುತ್ಕಾಂತವನ್ನು ಎಳೆಸಿ, ಆ ಎಳೆತದಿಂದ ಬೇರೊಂದು ಬ್ಯಾಟರಿಯ ಮಂಡಲವನ್ನು ಮುಚ್ಚುವ ಉಪಾಯ ತೋರಿಸಿದರು. ಸುದ್ದಿ ಮೊದಲನೆಯ ತಂತಿಯದು, ಶಕ್ತಿ ಎರಡನೆಯ ಬ್ಯಾಟರಿಯದು.

ಬೆಂಗಳೂರಿಗೆ ರಿಲೇ ಹೊಸದಲ್ಲ. ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಹಳೆಯ ಸ್ಟ್ರೌಜರ್ ಎಕ್ಸ್‌ಚೇಂಜುಗಳಲ್ಲಿ ರಿಲೇಗಳ ಸಾಲುಗಳೇ ಇರುತ್ತಿದ್ದವು. ನಾವು ಒಂದು ನಂಬರ್ ತಿರುಗಿಸಿದರೆ ಎಲ್ಲೋ ಒಂದು ಕೋಣೆಯಲ್ಲಿ ಅವು ಟಕಟಕ ಎನ್ನುತ್ತಿದ್ದವು. ಎಕ್ಸ್‌ಚೇಂಜುಗಳು ಡಿಜಿಟಲ್ ಆದ ಮೇಲೆ ಆ ಸದ್ದು ಅಲ್ಲಿ ನಿಂತಿತು. ಆದರೆ ನಮ್ಮ ಮನೆಯ ಸ್ಟೆಬಿಲೈಸರ್, ಯುಪಿಎಸ್, ಕಾರ್ಖಾನೆಯ ಪ್ಯಾನೆಲ್ ಬೋರ್ಡುಗಳಲ್ಲಿ ಇಂದಿಗೂ ಕೇಳಿಸುತ್ತದೆ.

ರಿಲೇಯಲ್ಲಿ ಎರಡು ಭಾಗ. ಒಂದು ಕಾಯಿಲ್, ಇನ್ನೊಂದು ಕಾಂಟ್ಯಾಕ್ಟ್, ಅಂದರೆ ಸ್ವಿಚ್ಚಿನ ನಾಲಿಗೆ. ಕಾಯಿಲಿಗೆ ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗಿ ನಾಲಿಗೆಯನ್ನು ಎಳೆಯುತ್ತದೆ. ಕಾಯಿಲಿಗೂ ಕಾಂಟ್ಯಾಕ್ಟಿಗೂ ತಂತಿಯ ಸಂಬಂಧವಿಲ್ಲ. ಇದೇ ಅದರ ಹಿರಿಮೆ. ಒಂದು ಕಡೆ 5 ವೋಲ್ಟ್, ಇನ್ನೊಂದು ಕಡೆ 230 ವೋಲ್ಟ್. ಎರಡೂ ಒಂದೇ ಡಬ್ಬಿಯಲ್ಲಿದ್ದರೂ ಒಂದನ್ನೊಂದು ಮುಟ್ಟುವುದಿಲ್ಲ.

ಸನ್ನೆ ಬೇರೆ, ಶಕ್ತಿ ಬೇರೆ

ಈಗ ದತ್ತಾಂಶ ಸಂಗ್ರಹ ಸಾಧನದ ಮಾತು. ಕೆಲಸದವರು ಇದನ್ನು ಚಿಕ್ಕದಾಗಿ ಡ್ಯಾಕ್ ಎನ್ನುತ್ತಾರೆ. ತಾಪ, ಒತ್ತಡ, ವೋಲ್ಟೇಜ್ ಮುಂತಾದವನ್ನು ಅಳೆದು ಕಂಪ್ಯೂಟರಿಗೆ ತಿಳಿಸುವ ಪೆಟ್ಟಿಗೆ ಇದು. ಇದರಲ್ಲಿ ಅಳೆಯುವ ಕಾಲುಗಳಲ್ಲದೆ ಕೆಲವು ಡಿಜಿಟಲ್ ಔಟ್‌ಪುಟ್ ಕಾಲುಗಳೂ ಇರುತ್ತವೆ. ಕಂಪ್ಯೂಟರ್ 'ಒಂದು' ಎಂದರೆ ಆ ಕಾಲಿನಲ್ಲಿ 5 ಅಥವಾ 3.3 ವೋಲ್ಟ್, 'ಸೊನ್ನೆ' ಎಂದರೆ ಸೊನ್ನೆ ವೋಲ್ಟ್. ಮಕ್ಕಳು ಪ್ರಾಜೆಕ್ಟಿಗೆ ಬಳಸುವ ಆರ್ಡುಯಿನೊ ಬೋರ್ಡಿನ ಕಾಲುಗಳೂ ಇದೇ ಜಾತಿಯವು.

ವೋಲ್ಟೇಜ್ ನೋಡಿದ ಕೂಡಲೇ ಹೊಸಬರು, '5 ವೋಲ್ಟ್ ಬರುತ್ತಿದೆ, ರಿಲೇಯೂ 5 ವೋಲ್ಟಿನದು, ನೇರ ಜೋಡಿಸಿಬಿಡೋಣ' ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ವೋಲ್ಟ್ ಎಷ್ಟು ಎಂಬುದಷ್ಟೇ ಅಲ್ಲ, ಆಂಪಿಯರ್ ಎಷ್ಟು ಎಂಬುದು. ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಮಾನ್ಯ ನೀಲಿ ಬಣ್ಣದ 5 ವೋಲ್ಟಿನ ರಿಲೇಯ ಕಾಯಿಲ್ ಸುಮಾರು 70 ಓಮ್. ಓಮ್‌ನ ನಿಯಮದಂತೆ 5ನ್ನು 70ರಿಂದ ಭಾಗಿಸಿದರೆ 71 ಮಿಲಿ ಆಂಪಿಯರ್. ಆರ್ಡುಯಿನೊ ಊನೊ ಬೋರ್ಡಿನ ಒಂದು ಕಾಲಿನಿಂದ ತೆಗೆಯಬಹುದೆಂದು ಹೇಳಿರುವುದು 20 ಮಿಲಿ ಆಂಪಿಯರ್. ಯಾವ ಕಾರಣಕ್ಕೂ ಮೀರಬಾರದ ಗಡಿ 40. ರಿಲೇ ಕೇಳುವುದು ಆ 20ರ ಮೂರೂವರೆ ಪಟ್ಟು. ಕಾಲು ಬಿಸಿಯಾಗುತ್ತದೆ, ಇಂದಲ್ಲ ನಾಳೆ ಸಾಯುತ್ತದೆ.

ಡ್ಯಾಕ್ ಪೆಟ್ಟಿಗೆಗಳ ಕಾಲುಗಳು ಇನ್ನೂ ಬಡವು. ಕೆಲವು ತಯಾರಕರು ಕಾಲಿನೊಳಗೆ ರಕ್ಷಣೆಗೆಂದು ಸರಣಿ ರೆಸಿಸ್ಟರ್ ಇಟ್ಟಿರುತ್ತಾರೆ. 3.3 ವೋಲ್ಟಿನ ಕಾಲಿನೊಳಗೆ 550 ಓಮ್ ಇದೆ ಎಂದುಕೊಳ್ಳಿ. ಅದಕ್ಕೆ 70 ಓಮಿನ ಕಾಯಿಲ್ ಸೇರಿಸಿದರೆ ಹರಿಯುವುದು 5.3 ಮಿಲಿ ಆಂಪಿಯರ್. ಕಾಯಿಲಿಗೆ ಸಿಗುವುದು ಅರ್ಧ ವೋಲ್ಟೂ ಅಲ್ಲ. ಪೆಟ್ಟಿಗೆ ಉಳಿಯುತ್ತದೆ, ರಿಲೇ ಮಾತ್ರ ಅಲುಗುವುದಿಲ್ಲ. ಒಟ್ಟಿನಲ್ಲಿ ಈ ಕಾಲು ಸನ್ನೆ ಮಾಡಬಲ್ಲದು, ಭಾರ ಹೊರಲಾರದು. ನಮ್ಮೂರಿನ ಹೆಸರನ್ನೇ ನೋಡಿ: ಸುಂಕದ ಕಟ್ಟೆ. ಕಟ್ಟೆಯ ಮೇಲೆ ಕುಳಿತವನು ಬೆರಳು ಅಲುಗಿಸಿದರೆ ಗಾಡಿ ಮುಂದೆ ಹೋಗುತ್ತದೆ. ಗಾಡಿ ಎಳೆಯುವುದು ಎತ್ತುಗಳು, ಅವನ ಬೆರಳಲ್ಲ.

ನಡುವಿನ ಮಧ್ಯವರ್ತಿ

ಸನ್ನೆಗೂ ರಿಲೇಗೂ ನಡುವೆ ನಿಲ್ಲಬೇಕಾದ ಮಧ್ಯವರ್ತಿ ಟ್ರಾನ್ಸಿಸ್ಟರ್. ಕಾಯಿಲಿನ ಒಂದು ತುದಿ ಬೇರೆ ಪವರ್ ಸಪ್ಲೈಯ ಪ್ಲಸ್‌ಗೆ, ಇನ್ನೊಂದು ತುದಿ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ, ಎಮಿಟರ್ ಗ್ರೌಂಡಿಗೆ. ಡ್ಯಾಕ್ ಕಾಲಿನಿಂದ ಒಂದು ರೆಸಿಸ್ಟರ್ ಮೂಲಕ ಬೇಸ್‌ಗೆ. ಟ್ರಾನ್ಸಿಸ್ಟರನ್ನು ಪೂರ್ತಿ ತೆರೆಯಲು, ಕಾಯಿಲಿನ ಕರೆಂಟಿನ ಇಪ್ಪತ್ತನೆಯ ಒಂದು ಪಾಲನ್ನು ಬೇಸ್‌ಗೆ ಕೊಡಬೇಕೆಂದು ಲೆಕ್ಕ ಇಟ್ಟುಕೊಳ್ಳಿ. 71 ಮಿಲಿ ಆಂಪಿಯರಿಗೆ ಇದು ಸುಮಾರು 3.5. 5 ವೋಲ್ಟಿನಲ್ಲಿ ಬೇಸ್‌ನ 0.7 ಕಳೆದರೆ 4.3, 1 ಕಿಲೋ ಓಮ್ ಹಾಕಿದರೆ 4.3 ಮಿಲಿ ಆಂಪಿಯರ್. ಸಾಕು. ಬಿಸಿ 547 ಎಂಬ ಟ್ರಾನ್ಸಿಸ್ಟರಿನ ಗಡಿ 100 ಮಿಲಿ ಆಂಪಿಯರ್ ಆದ್ದರಿಂದ ಈ ರಿಲೇಗೆ ಅದು ಹೇಗೋ ಆಗುತ್ತದೆ. 2ಎನ್ 2222 ಇನ್ನೂ ನಿಶ್ಚಿಂತೆ.

ಹಲವು ರಿಲೇಗಳಿದ್ದರೆ ಯುಎಲ್‌ಎನ್ 2003 ಎಂಬ ಐಸಿ ಅನುಕೂಲ. ಅದರೊಳಗೆ ಏಳು ಜೋಡಿ ಟ್ರಾನ್ಸಿಸ್ಟರುಗಳು, ಬೇಸ್ ರೆಸಿಸ್ಟರುಗಳು, ರಕ್ಷಣೆಯ ಡಯೋಡುಗಳು ಎಲ್ಲವೂ ಇವೆ. ಆದರೆ ಅದು ಸುಮಾರು ಒಂದು ವೋಲ್ಟನ್ನು ತಾನೇ ನುಂಗುತ್ತದೆ. 5 ವೋಲ್ಟಿನ ರಿಲೇಗೆ ಉಳಿಯುವುದು 4 ಮಾತ್ರ. ಎಳೆಯಲು ಬೇಕಾದ ಕನಿಷ್ಠ ವೋಲ್ಟೇಜಿಗೆ ಇದು ತೀರ ಹತ್ತಿರ. ಆದ್ದರಿಂದ ಯುಎಲ್‌ಎನ್ ಜೊತೆಗೆ 12 ವೋಲ್ಟಿನ ರಿಲೇ ಆರಿಸುವುದು ಜಾಣತನ. ಅದರ ಕಾಯಿಲ್ ಸುಮಾರು 400 ಓಮ್, ಕರೆಂಟು 30 ಮಿಲಿ ಆಂಪಿಯರ್ ಮಾತ್ರ.

ಇನ್ನೊಂದು ಲೆಕ್ಕ. 5 ವೋಲ್ಟಿನ ಎಂಟು ರಿಲೇಗಳು ಒಟ್ಟಿಗೆ ಆನ್ ಆದರೆ 568 ಮಿಲಿ ಆಂಪಿಯರ್. ಯುಎಸ್‌ಬಿ 2.0 ಕಿಂಡಿ ಕೊಡಬಹುದಾದದ್ದು 500. ರಿಲೇಗಳಿಗೆ ಕಂಪ್ಯೂಟರಿನ ಯುಎಸ್‌ಬಿಯಿಂದ ಕರೆಂಟು ತೆಗೆಯಬೇಡಿ. ಬೇರೆ ಅಡಾಪ್ಟರ್ ಇಡಿ.

ಒಂದು ರೂಪಾಯಿಯ ಡಯೋಡ್

ಮಾಗಡಿ ರಸ್ತೆಯಲ್ಲಿ ಬಸ್ಸಿನ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ. ಕಾಯಿಲಿನಲ್ಲಿ ಹರಿಯುವ ಕರೆಂಟಿನ ಸ್ವಭಾವವೂ ಹಾಗೆಯೇ. ಟ್ರಾನ್ಸಿಸ್ಟರ್ ತಟ್ಟನೆ ಮುಚ್ಚಿದ ಕ್ಷಣದಲ್ಲಿ ಕಾಯಿಲಿನೊಳಗೆ ಇನ್ನೂ 71 ಮಿಲಿ ಆಂಪಿಯರ್ ಇರುತ್ತದೆ, ಅದಕ್ಕೆ ಎಲ್ಲಾದರೂ ಹರಿಯಲೇಬೇಕು. ಎದುರಿಗೆ 10 ಕಿಲೋ ಓಮಿನಷ್ಟು ತಡೆ ಇದ್ದರೆ, 0.071ನ್ನು 10,000ದಿಂದ ಗುಣಿಸಿ ನೋಡಿ: 710 ವೋಲ್ಟ್! 5 ವೋಲ್ಟಿನ ಮಂಡಲದಲ್ಲಿ ಹುಟ್ಟುವ ಈ ಪೆಟ್ಟನ್ನು 45 ವೋಲ್ಟ್ ಮಾತ್ರ ತಾಳಬಲ್ಲ ಬಿಸಿ 547 ಹೇಗೆ ತಡೆದೀತು? ಮೊದಲ ದಿನ ಸಾಯದಿದ್ದರೂ ದಿನದಿಂದ ದಿನಕ್ಕೆ ಪೆಟ್ಟು ತಿಂದು ಒಂದು ದಿನ ಸಾಯುತ್ತದೆ. ಟ್ರಾನ್ಸಿಸ್ಟರ್ ಸಾಯುವಾಗ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ, ಅಂದರೆ ರಿಲೇ ಆನ್ ಆಗಿಯೇ ಉಳಿಯುತ್ತದೆ. ಇದನ್ನು ಚೆನ್ನಾಗಿ ನೆನಪಿಡಿ.

ಇದಕ್ಕೆ ಪರಿಹಾರ ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್. ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಸಾಮಾನ್ಯ ಸಮಯದಲ್ಲಿ ಅದು ಸುಮ್ಮನಿರುತ್ತದೆ. ಟ್ರಾನ್ಸಿಸ್ಟರ್ ಮುಚ್ಚಿದಾಗ ಕಾಯಿಲಿನ ಕರೆಂಟು ಅದರೊಳಗೆ ಸುತ್ತು ಹಾಕಿ ತಣ್ಣಗಾಗುತ್ತದೆ. 1ಎನ್ 4007 ಈ ಕೆಲಸಕ್ಕೆ ಧಾರಾಳ ಸಾಕು. ಬೆಲೆ ಒಂದೆರಡು ರೂಪಾಯಿ. ತಿರುಗಿಸಿ ಹಾಕಿದರೆ ಅದು ನೇರ ಶಾರ್ಟ್, ಆದ್ದರಿಂದ ಕರೆಂಟು ಕೊಡುವ ಮುನ್ನ ಪಟ್ಟಿಯನ್ನು ಎರಡು ಸಲ ನೋಡಿ. ಯುಎಲ್‌ಎನ್ 2003 ಬಳಸುವವರು ಅದರ 9ನೆಯ ಕಾಲನ್ನು ರಿಲೇಯ ಪ್ಲಸ್‌ಗೆ ಜೋಡಿಸಲೇಬೇಕು. ಒಳಗೆ ಡಯೋಡ್ ಇದೆ ಎಂಬ ಧೈರ್ಯದಲ್ಲಿ ಆ ಕಾಲನ್ನು ಖಾಲಿ ಬಿಟ್ಟರೆ ಡಯೋಡ್ ಇದ್ದೂ ಇಲ್ಲದಂತೆ.

ಕಂಪ್ಯೂಟರ್ ಕಣ್ಣು ತೆರೆಯುವ ಗಳಿಗೆ

ಈ ಉಪನ್ಯಾಸದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ನಿಮ್ಮ ಪ್ರೋಗ್ರಾಂ ಓಡುವಾಗ ರಿಲೇ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪ್ರೋಗ್ರಾಂ ಇನ್ನೂ ಶುರುವಾಗದಿದ್ದಾಗ ಹೇಗಿರುತ್ತದೆ?

ಡ್ಯಾಕ್‌ಗೆ ಕರೆಂಟು ಬಂದ ಕೂಡಲೇ ಅದರ ಡಿಜಿಟಲ್ ಕಾಲುಗಳು ಸಾಮಾನ್ಯವಾಗಿ ಇನ್‌ಪುಟ್ ಆಗಿರುತ್ತವೆ, ಅಂದರೆ ಯಾರ ಹಿಡಿತದಲ್ಲೂ ಇರುವುದಿಲ್ಲ. ಕೆಲವು ಸಾಧನಗಳಲ್ಲಿ ಆ ಕಾಲನ್ನು ಒಳಗಿನಿಂದ ಒಂದು ರೆಸಿಸ್ಟರ್ 5 ವೋಲ್ಟಿಗೆ ಎತ್ತಿ ಹಿಡಿದಿರುತ್ತದೆ. ಅದು 4.7 ಕಿಲೋ ಓಮ್ ಎಂದುಕೊಂಡು ನಮ್ಮ ಮಂಡಲವನ್ನೇ ಲೆಕ್ಕ ಹಾಕೋಣ. 4.7 ಮತ್ತು ನಮ್ಮ 1 ಸೇರಿ 5.7 ಕಿಲೋ ಓಮ್, 4.3 ವೋಲ್ಟನ್ನು ಭಾಗಿಸಿದರೆ 0.75 ಮಿಲಿ ಆಂಪಿಯರ್ ಬೇಸ್‌ಗೆ ಹೋಗುತ್ತದೆ. ಬಿಸಿ 547 ಇದನ್ನು ನೂರು ಪಟ್ಟಿಗಿಂತ ಹೆಚ್ಚು ಮಾಡುತ್ತದೆ. ಅಂದರೆ 75 ಮಿಲಿ ಆಂಪಿಯರ್ ಅಥವಾ ಅದಕ್ಕೂ ಹೆಚ್ಚು, ರಿಲೇ ಎಳೆದೇಬಿಡುತ್ತದೆ! ಬೇಸ್‌ನಿಂದ ಗ್ರೌಂಡಿಗೆ 10 ಕಿಲೋ ಓಮ್ ಹಾಕಿದರೂ ಅದು ಕದಿಯುವುದು 0.07 ಮಾತ್ರ, ಸಾಲದು. ಯುಎಲ್‌ಎನ್ 2003 ಆದರೆ ಇನ್ನೂ ಕಷ್ಟ; ಅದರ ಜೋಡಿ ಟ್ರಾನ್ಸಿಸ್ಟರಿಗೆ ಅರ್ಧ ಮಿಲಿ ಆಂಪಿಯರ್ ಸಾಕು. ಬೆಳಿಗ್ಗೆ ಶೆಡ್ಡಿಗೆ ಬಂದು ಕಂಪ್ಯೂಟರ್ ಆನ್ ಮಾಡಿದಿರಿ, ವಿಂಡೋಸ್ ಇನ್ನೂ ಏಳುತ್ತಿದೆ, ಅಷ್ಟರಲ್ಲಿ ಪ್ರೆಸ್ ಕೆಳಗಿಳಿದಿದೆ. ಯಾರೂ ಆಜ್ಞೆ ಕೊಟ್ಟಿಲ್ಲ. ಯಾರದೋ ಬೆರಳು ಡೈ ಒಳಗಿತ್ತೇ? ಪ್ರಶ್ನೆ ಅಷ್ಟು ಗಂಭೀರವಾದದ್ದು.

ಇದಕ್ಕೆ ದಾರಿ ಎರಡು. ಕಾಲು ಯಾರ ಹಿಡಿತದಲ್ಲೂ ಇಲ್ಲದೆ ತೇಲುವ ಸಾಧನವಾದರೆ ಬೇಸ್‌ನಿಂದ ಗ್ರೌಂಡಿಗೆ 10 ಕಿಲೋ ಓಮ್ ಹಾಕಿ, ರಿಲೇ ಸುಮ್ಮನಿರುತ್ತದೆ. ಕಾಲು ಮೇಲಕ್ಕೆ ಎತ್ತಿ ಹಿಡಿದಿರುವ ಸಾಧನವಾದರೆ ಮಂಡಲವನ್ನೇ ತಿರುಗಿಸಿ: ಕಾಲು ಸೊನ್ನೆಗೆ ಇಳಿದಾಗ ಮಾತ್ರ ರಿಲೇ ಆನ್ ಆಗುವಂತೆ ಮಾಡಿ. ಆಗ ಪ್ರೋಗ್ರಾಂ ಇಲ್ಲದ ಗಳಿಗೆಯಲ್ಲಿ ರಿಲೇ ಆಫ್. ನಿಮ್ಮ ಸಾಧನ ಯಾವ ಜಾತಿಯದು ಎಂದು ಕೈಪಿಡಿಯಲ್ಲಿ ನೋಡಿ. ಆಮೇಲೆ ಮಲ್ಟಿಮೀಟರ್ ಹಿಡಿದು ಕಣ್ಣಾರೆ ನೋಡಿ.

ಬೆಳಕಿನ ಸೇತುವೆ

ಹೀಗೆ ತಿರುಗಿಸಲು ಆಪ್ಟೋಕಪ್ಲರ್ ಒಳ್ಳೆಯ ಸಾಧನ. ಪಿಸಿ 817 ಎಂಬ ನಾಲ್ಕು ಕಾಲಿನ ಪುಟ್ಟ ಐಸಿಯಲ್ಲಿ ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಬೆಳಕಿಗೆ ತೆರೆಯುವ ಟ್ರಾನ್ಸಿಸ್ಟರ್. ನಡುವೆ ತಂತಿ ಇಲ್ಲ, ಬೆಳಕು ಮಾತ್ರ. ಡ್ಯಾಕ್‌ನ 5 ವೋಲ್ಟಿನಿಂದ 1 ಕಿಲೋ ಓಮ್ ಮೂಲಕ ಎಲ್‌ಇಡಿಗೆ, ಎಲ್‌ಇಡಿಯ ಇನ್ನೊಂದು ತುದಿ ಡ್ಯಾಕ್ ಕಾಲಿಗೆ. ಕಾಲು ಸೊನ್ನೆಗಿಳಿದಾಗ ಸುಮಾರು 3.8 ಮಿಲಿ ಆಂಪಿಯರ್ ಹರಿಯುತ್ತದೆ. ಇದನ್ನು ಬಡ ಕಾಲೂ ತಾಳುತ್ತದೆ. ಆ ಕಡೆ ಬೇರೆ 12 ವೋಲ್ಟ್ ಸಪ್ಲೈಯಿಂದ ಬೆಳಕಿನ ಟ್ರಾನ್ಸಿಸ್ಟರ್ ಮತ್ತು 5.6 ಕಿಲೋ ಓಮ್ ಮೂಲಕ ಬಿಸಿ 547ರ ಬೇಸ್‌ಗೆ 2 ಮಿಲಿ ಆಂಪಿಯರಿಗೆ ಹತ್ತಿರ ಸಿಗುತ್ತದೆ. 30 ಮಿಲಿ ಆಂಪಿಯರಿನ ರಿಲೇಗೆ ಇದು ಹದಿನೈದನೆಯ ಒಂದು ಪಾಲು, ಧಾರಾಳ. ಎರಡು ಕಡೆಯ ಗ್ರೌಂಡುಗಳನ್ನು ಮಾತ್ರ ಜೋಡಿಸಬೇಡಿ; ಜೋಡಿಸಿದರೆ ಸೇತುವೆ ಕಟ್ಟಿದ್ದೇ ವ್ಯರ್ಥ. 3.3 ವೋಲ್ಟಿನ ಸಾಧನವಾದರೆ ಎಲ್‌ಇಡಿಗೂ 3.3 ವೋಲ್ಟನ್ನೇ ಕೊಡಿ, ರೆಸಿಸ್ಟರನ್ನು ಅದಕ್ಕೆ ತಕ್ಕಂತೆ ಇಳಿಸಿ. 5 ಕೊಟ್ಟರೆ ಕಾಲು 'ಒಂದು' ಎಂದಾಗಲೂ ಎಲ್‌ಇಡಿ ಅರೆಬರೆ ಉರಿದು ರಿಲೇ ಗೊಂದಲಕ್ಕೆ ಬೀಳಬಹುದು.

ಎಸ್.ಪಿ. ರಸ್ತೆಯಲ್ಲಿ ಸಿದ್ಧವಾಗಿ ಸಿಗುವ ನಾಲ್ಕು, ಎಂಟು ರಿಲೇಗಳ ಬೋರ್ಡುಗಳಲ್ಲಿ ಹೆಚ್ಚಿನವು ಇದೇ ಮಾದರಿಯವು. ಅವುಗಳಲ್ಲಿ ಜೆಡಿ-ವಿಸಿಸಿ ಎಂದು ಬರೆದ ಕಡೆ ಒಂದು ಜಂಪರ್ ಇರುತ್ತದೆ. ಅದು ಕಂಪ್ಯೂಟರ್ ಕಡೆಯ 5 ವೋಲ್ಟನ್ನೂ ಕಾಯಿಲ್ ಕಡೆಯ 5 ವೋಲ್ಟನ್ನೂ ಒಂದು ಮಾಡುತ್ತದೆ. ಜಂಪರ್ ತೆಗೆದು, ಜೆಡಿ-ವಿಸಿಸಿಗೆ ಬೇರೆ ಸಪ್ಲೈ ಕೊಟ್ಟಾಗ ಮಾತ್ರ ಬೋರ್ಡಿನಲ್ಲಿರುವ ಆಪ್ಟೋಕಪ್ಲರಿಗೆ ಅರ್ಥ.

ಒಂದು ಓವನ್‌ನ ಉದಾಹರಣೆ

ಕಾಮಾಕ್ಷಿಪಾಳ್ಯದ ಕಡೆಯ ಒಂದು ಪೌಡರ್ ಕೋಟಿಂಗ್ ಓವನ್ ಇದೆ ಎಂದುಕೊಳ್ಳೋಣ. ಒಳಗಿನ ತಾಪ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮೋಕಪಲ್ ತಾಪ ಅಳೆಯುತ್ತದೆ, ಡ್ಯಾಕ್ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಹೀಟರನ್ನು ಆನ್ ಆಫ್ ಮಾಡಬೇಕು.

ಮೊದಲು ಅಳತೆ. ಕೆ ಮಾದರಿಯ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋ ವೋಲ್ಟ್. ರಿಲೇಯ 71 ಮಿಲಿ ಆಂಪಿಯರ್ ಮತ್ತು ಥರ್ಮೋಕಪಲ್ಲಿನ ಸಂಕೇತ ಎರಡೂ ಒಂದೇ ಗ್ರೌಂಡ್ ತಂತಿಯಲ್ಲಿ ಮರಳುತ್ತಿವೆ, ಆ ತಂತಿಯ ತಡೆ ಬರೀ 0.1 ಓಮ್ ಎಂದುಕೊಳ್ಳಿ. ಆ ತಂತಿಯ ಮೇಲೆ ಬೀಳುವುದು 7.1 ಮಿಲಿ ವೋಲ್ಟ್. 41 ಮೈಕ್ರೋ ವೋಲ್ಟಿನ ಲೆಕ್ಕದಲ್ಲಿ ಅದು ಸುಮಾರು 173 ಡಿಗ್ರಿ! ರಿಲೇ ಎಳೆದ ಕೂಡಲೇ ತೆರೆಯ ಮೇಲಿನ ತಾಪ ಜಿಗಿಯುತ್ತದೆ, ಬಿಟ್ಟ ಕೂಡಲೇ ಇಳಿಯುತ್ತದೆ. ಜನ ಥರ್ಮೋಕಪಲ್ ಕೆಟ್ಟಿದೆ ಎಂದು ಬದಲಿಸುತ್ತಲೇ ಇರುತ್ತಾರೆ. ಕೆಟ್ಟದ್ದು ಥರ್ಮೋಕಪಲ್ ಅಲ್ಲ, ತಂತಿಯ ದಾರಿ. ರಿಲೇಯ ಕರೆಂಟು ತನ್ನ ಸಪ್ಲೈಗೆ ತನ್ನದೇ ತಂತಿಯಲ್ಲಿ ಮರಳಬೇಕು. ಅಳತೆಯ ತಂತಿಯನ್ನು ಮುಟ್ಟಬಾರದು. ಆಪ್ಟೋಕಪ್ಲರ್ ಇದ್ದರೆ ಇದು ತಾನಾಗಿಯೇ ಆಗುತ್ತದೆ.

ಆಮೇಲೆ ಹೀಟರ್. ರಿಲೇಯ ಮೇಲೆ '10 ಆಂಪಿಯರ್ 250 ವೋಲ್ಟ್' ಎಂದು ಬರೆದಿರುತ್ತದೆ. ಅದು ಹೀಟರುಗಳಂಥ ಸಾಧು ಹೊರೆಗೆ ಹೇಳಿದ ಅಂಕಿ. ಮೋಟಾರ್ ಹೊರಡುವಾಗ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಡಿ.ಸಿ. ಕರೆಂಟಿನ ಕಿಡಿ ಇನ್ನೂ ಹಠಮಾರಿ: ನಮ್ಮ 50 ಹರ್ಟ್ಜ್ ಎ.ಸಿ. ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಕಿಡಿಯನ್ನು ಆರಿಸುತ್ತದೆ, ಡಿ.ಸಿ.ಗೆ ಆ ಸೊನ್ನೆಯೇ ಇಲ್ಲ. ಆದ್ದರಿಂದ ದೊಡ್ಡ ಹೀಟರು, ಮೋಟಾರುಗಳನ್ನು ಪುಟ್ಟ ರಿಲೇಯಿಂದ ನೇರ ಓಡಿಸಬೇಡಿ. ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಎಳೆಯಲಿ, ಕಾಂಟ್ಯಾಕ್ಟರ್ ಹೀಟರನ್ನು ಎಳೆಯಲಿ. ಕಂಪ್ಯೂಟರಿನಿಂದ ಡ್ಯಾಕ್, ಡ್ಯಾಕ್‌ನಿಂದ ಆಪ್ಟೋಕಪ್ಲರ್, ಅಲ್ಲಿಂದ ಟ್ರಾನ್ಸಿಸ್ಟರ್, ರಿಲೇ, ಕಾಂಟ್ಯಾಕ್ಟರ್, ಕೊನೆಗೆ ಹೀಟರ್: ಅಂಚೆಯ ಚೀಲ ಕೈಯಿಂದ ಕೈಗೆ ದಾಟಿದ ಹಾಗೆ. ಕಾಂಟ್ಯಾಕ್ಟರಿನದೂ ಕಾಯಿಲೇ ಆದ್ದರಿಂದ ಅದಕ್ಕೂ ಒದೆ ಇರುತ್ತದೆ. ಎ.ಸಿ. ಕಾಯಿಲಿಗೆ ಡಯೋಡ್ ಹಾಕುವಂತಿಲ್ಲ. 100 ಓಮ್ ಮತ್ತು 0.1 ಮೈಕ್ರೋ ಫ್ಯಾರಡ್ ಸರಣಿಯಾಗಿ ಹಾಕಿ. ಕೆಪಾಸಿಟರ್ ನೇರ ಮೇನ್ಸ್‌ಗೆಂದೇ ತಯಾರಾದ ಎಕ್ಸ್ 2 ದರ್ಜೆಯದ್ದಾಗಿರಲಿ.

ಕೊನೆಗೆ, ಕೆಟ್ಟ ಗಳಿಗೆ. ಕಾಂಟ್ಯಾಕ್ಟುಗಳು ಕಿಡಿಯಿಂದ ಕರಗಿ ಅಂಟಿಕೊಳ್ಳಬಹುದು. ಆಗ ಕಂಪ್ಯೂಟರ್ ಎಷ್ಟು 'ಆಫ್' ಎಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಸಾಲಿಡ್ ಸ್ಟೇಟ್ ರಿಲೇಗಳೂ ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತವೆ. ಕಂಪ್ಯೂಟರ್ ಹ್ಯಾಂಗ್ ಆದರೂ ಅಷ್ಟೇ. ಕೊನೆಯ ಆಜ್ಞೆ ಹಾಗೆಯೇ ನಿಲ್ಲುತ್ತದೆ. ಆದ್ದರಿಂದ ನಾಲ್ಕು ಕಾವಲು ಬೇಕು. ಮೊದಲನೆಯದು, ಕಂಪ್ಯೂಟರಿಗೆ ಸಂಬಂಧವೇ ಇಲ್ಲದ, ಮಿತಿ ಮೀರಿದರೆ ತಾನೇ ಹೀಟರ್ ಕಡಿಯುವ ಪ್ರತ್ಯೇಕ ಥರ್ಮೋಸ್ಟಾಟ್. ಇದು ಇನ್ನೊಂದು ಕಾಂಟ್ಯಾಕ್ಟರನ್ನು ಬಿಡಿಸಲಿ, ಅಂಟಿಕೊಂಡ ಅದೇ ಕಾಂಟ್ಯಾಕ್ಟರನ್ನಲ್ಲ. ಎರಡನೆಯದು, ಕೆಂಪು ತುರ್ತು ನಿಲುಗಡೆ ಗುಂಡಿ. ಇದು ತಂತಿಯಲ್ಲೇ ವಿದ್ಯುತ್ ಕಡಿಯಬೇಕು, ಪ್ರೋಗ್ರಾಮಿಗೆ ಅರ್ಜಿ ಹಾಕುವಂತಿರಬಾರದು. ಮೂರನೆಯದು, ಕಾವಲು ಟೈಮರ್. ಪ್ರೋಗ್ರಾಂ ಸೆಕೆಂಡಿಗೊಮ್ಮೆ 'ಇದ್ದೇನೆ' ಎಂದು ತಟ್ಟುತ್ತಿರಬೇಕು, ತಟ್ಟುವುದು ನಿಂತರೆ ಟೈಮರ್ ಎಲ್ಲ ರಿಲೇಗಳನ್ನೂ ಬಿಡಿಸಬೇಕು. ನಾಲ್ಕನೆಯದು, ಮರುವರದಿ, ಕಾಂಟ್ಯಾಕ್ಟರಿನ ಸಹಾಯಕ ಕಾಂಟ್ಯಾಕ್ಟಿನಿಂದ ಒಂದು ತಂತಿಯನ್ನು ಡ್ಯಾಕ್‌ನ ಇನ್‌ಪುಟ್‌ಗೆ ತನ್ನಿ. ಆಫ್ ಎಂದ ಮೇಲೂ ಆನ್ ಎಂದು ಉತ್ತರ ಬಂದರೆ ಗಂಟೆ ಹೊಡೆಯಲಿ. ಆ ತಂತಿಯಲ್ಲಿ ಓಡುವುದು ಸಣ್ಣ ವೋಲ್ಟೇಜ್ ಮಾತ್ರ ಆಗಿರಲಿ.

ಕೈ ಹಾಕುವ ಮುನ್ನ

ವಿದ್ಯಾರ್ಥಿಗಳಿಗೆ ಪರೀಕ್ಷೆಯ ಕ್ರಮ ಹೇಳುತ್ತೇನೆ. ಮೊದಲು ರಿಲೇ ಬೇಡ, ಅದರ ಜಾಗದಲ್ಲಿ ಒಂದು ಎಲ್‌ಇಡಿ ಮತ್ತು ರೆಸಿಸ್ಟರ್ ಇಟ್ಟು ಪ್ರೋಗ್ರಾಂ ಓಡಿಸಿ. ಆಮೇಲೆ ರಿಲೇ ಹಾಕಿ, ಹೊರೆ ಬೇಡ. ಟಕ್ ಎಂಬ ಸದ್ದು ಕೇಳಿ, ಮಲ್ಟಿಮೀಟರಿನಿಂದ ಕಾಂಟ್ಯಾಕ್ಟ್ ನೋಡಿ. ಈಗ ಕಂಪ್ಯೂಟರನ್ನು ಹತ್ತು ಸಲ ಆಫ್ ಆನ್ ಮಾಡಿ. ಯುಎಸ್‌ಬಿ ಕೇಬಲ್ ಕಿತ್ತು ಮತ್ತೆ ಹಾಕಿ. ಪ್ರೋಗ್ರಾಮನ್ನು ನಡುವೆಯೇ ಕೊಲ್ಲಿ. ಈ ಪೈಕಿ ಒಂದು ಸಲ ರಿಲೇ ತಾನಾಗಿ ಟಕ್ ಎಂದರೂ ಮುಂದೆ ಹೋಗಬೇಡಿ. ಎಲ್ಲ ಸರಿಯಾದ ಮೇಲೆ 12 ವೋಲ್ಟಿನ ಬಲ್ಬು, ಅದರ ನಂತರವೇ ನಿಜವಾದ ಹೊರೆ.

230 ವೋಲ್ಟನ್ನು ಬ್ರೆಡ್‌ಬೋರ್ಡಿಗೆ ಎಂದೂ ತರಬೇಡಿ. ರಿಲೇ ಬೋರ್ಡನ್ನು ಡಬ್ಬಿಯೊಳಗೆ ಕೂರಿಸಿ, ಮೇನ್ಸ್ ತಂತಿ ಒಂದು ಕಡೆಯಿಂದ, ಸಂಕೇತದ ತಂತಿ ಇನ್ನೊಂದು ಕಡೆಯಿಂದ ಬರಲಿ. ಲೋಹದ ಡಬ್ಬಿಯಾದರೆ ಅರ್ತಿಂಗ್ ಕೊಡಿ. ರಿಲೇ ಫೇಸ್ ತಂತಿಯನ್ನು ಕಡಿಯಬೇಕು, ನ್ಯೂಟ್ರಲನ್ನಲ್ಲ. ನ್ಯೂಟ್ರಲ್ ಕಡಿದರೆ ಯಂತ್ರ ನಿಂತಿರುತ್ತದೆ, ಫೇಸ್ ಅದರೊಳಗೇ ಕಾದಿರುತ್ತದೆ. ಮುಟ್ಟುವ ಮುನ್ನ ಎಂ.ಸಿ.ಬಿ. ಇಳಿಸಿ. ರಿಲೇ ಆಫ್ ಇದೆ ಎಂಬುದು ಕರೆಂಟು ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಆ 30ರ ಅರ್ಥ ಯೋಚಿಸಿ: ಒಂದು ಪುಟ್ಟ 12 ವೋಲ್ಟಿನ ರಿಲೇಯ ಕಾಯಿಲಿನಲ್ಲಿ ಹರಿಯುವಷ್ಟೇ ಕರೆಂಟು. 12 ವೋಲ್ಟಿಗೆ ಅಷ್ಟನ್ನು ನಮ್ಮ ಮೈಯೊಳಗೆ ನೂಕುವ ಶಕ್ತಿ ಸಾಮಾನ್ಯವಾಗಿ ಇಲ್ಲ. 230 ವೋಲ್ಟಿಗೆ ಇದೆ.

ಹಿರಿಯರಲ್ಲಿ, ಸಣ್ಣ ಕಾರ್ಖಾನೆ ನಡೆಸುವ ಸದಸ್ಯರಲ್ಲಿ ಒಂದು ಮಾತು. 'ಕೆಲಸ ನಡೆಯುತ್ತಿದೆಯಲ್ಲ, ಡಯೋಡು, ಆಪ್ಟೋಕಪ್ಲರು, ಎರಡನೇ ಕಾಂಟ್ಯಾಕ್ಟರು ಏಕೆ' ಎಂದು ಕೇಳುವುದು ಸುಲಭ. ನಡೆಯುತ್ತಿರುವಾಗ ಎಲ್ಲ ಜೋಡಣೆಯೂ ಒಳ್ಳೆಯದೇ. ಕೆಟ್ಟಾಗ ಅದು ಯಾವ ಕಡೆಗೆ ಬೀಳುತ್ತದೆ ಎಂಬುದರಲ್ಲಿ ಕೆಲಸಗಾರನ ವಿದ್ಯೆ ಕಾಣುತ್ತದೆ. ನಿಮ್ಮ ಶೆಡ್ಡಿಗೆ ಬಂದ ಹುಡುಗ 'ಸಾರ್, ಕಂಪ್ಯೂಟರ್ ಹ್ಯಾಂಗ್ ಆದರೆ ಈ ಯಂತ್ರ ನಿಲ್ಲುತ್ತದೋ ಓಡುತ್ತದೋ' ಎಂದು ಕೇಳಿದರೆ ಅವನನ್ನು ತಡವಾಗಿಸುವವನೆಂದು ಬೈಯಬೇಡಿ, ಕೆಲಸಕ್ಕೆ ಇಟ್ಟುಕೊಳ್ಳಿ. ವಿದ್ಯಾರ್ಥಿಗಳೇ, ಆ ಪ್ರಶ್ನೆ ಕೇಳುವವರು ನೀವಾಗಿರಿ. ಉತ್ತರ ಕಂಡುಕೊಳ್ಳಲು ಬೇಕಾದದ್ದು ಓಮ್‌ನ ನಿಯಮ, ಒಂದು ಮಲ್ಟಿಮೀಟರ್ ಮತ್ತು ಅವಸರಪಡದ ಒಂದು ಮಧ್ಯಾಹ್ನ.